ಹೋಲಿಕೆಗೆಂದು ತೆಗೆದ ರಕ್ತ

ರಾಯದುರ್ಗದ ಆ ಕಾರ್ಖಾನೆಗೆ ನಾವು ಹೋದದ್ದು ಗಂಡಸರ ರಕ್ತಕ್ಕಾಗಿ. ಹೆಂಗಸರ ರಕ್ತ ಬೇಕಾಗಿದ್ದದ್ದು ಬರೀ ಹೋಲಿಸಿ ನೋಡುವುದಕ್ಕೆ.

ನಾನು ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ಜೀವಕೋಶದೊಳಗಿನ ವರ್ಣತಂತುಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಆ ಕಾರ್ಖಾನೆ ಮೊದಲು ಜೀನ್ಸ್ ಪ್ಯಾಂಟು ಹೊಲಿಯುತ್ತಿತ್ತು. ಈಚೆಗೆ ಆಸ್ಪತ್ರೆಗೆ ಬೇಕಾದ ಗೌನು, ಆಪರೇಷನ್ ಹೊದಿಕೆಗಳಿಗೆ ತಿರುಗಿತ್ತು. ಹೊಲಿದ ಮಾಲನ್ನು ಅಲ್ಲೇ ಕ್ರಿಮಿಶುದ್ಧ ಮಾಡಿ ಕಳಿಸಬೇಕು. ಬಿಸಿ ಹಬೆ ಕೊಟ್ಟರೆ ಆ ಬಟ್ಟೆ ಮುದುಡಿಕೊಳ್ಳುತ್ತದೆ, ಅದಕ್ಕೆ ಎಥಿಲೀನ್ ಆಕ್ಸೈಡ್ ಎಂಬ ಅನಿಲ ಬಳಸುತ್ತಾರೆ. ರಟ್ಟು, ಬಟ್ಟೆ ಎಲ್ಲವನ್ನೂ ತೂರಿಕೊಂಡು ಹೋಗಿ ಸೂಕ್ಷ್ಮಜೀವಿಯ ವಂಶವಾಹಿಯನ್ನೇ ಕೆಡಿಸಿ ಕೊಲ್ಲುವ ಅನಿಲ ಅದು. ಮನುಷ್ಯನ ಜೀವಕೋಶ ಎದುರಿಗೆ ಬಂದರೂ ಅದು ಮಾಡುವುದು ಅದೇ ಕೆಲಸ.

ಮಾಲು ಕೊಳ್ಳುವ ಹೊರದೇಶದ ಕಂಪನಿ ಕೆಲಸಗಾರರ ಆರೋಗ್ಯದ ವರದಿ ಕೇಳಿತ್ತು. ಕಾರ್ಖಾನೆಯ ಮ್ಯಾನೇಜರು ನಮ್ಮ ಪ್ರಯೋಗಾಲಯದ ಮುಖ್ಯಸ್ಥರನ್ನು ಹುಡುಕಿಕೊಂಡು ಬಂದರು. ಒಂದು ಷರತ್ತಿಗೆ ಮ್ಯಾನೇಜರು ಒಪ್ಪಿದ ಮೇಲೆಯೇ ನಾವು ಹೊರಟದ್ದು. ರಕ್ತ ಕೊಟ್ಟವರಿಗೆಲ್ಲ ಅವರವರ ಫಲಿತಾಂಶವನ್ನು ನಾವೇ ಹೇಳುತ್ತೇವೆ ಎಂಬುದು ಆ ಷರತ್ತು.

ಅನಿಲದ ಚೇಂಬರು ಹಿಂದಿನ ಕಟ್ಟಡದಲ್ಲಿತ್ತು. ಆಪರೇಟರು ನಲವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಕಬ್ಬಿಣದ ಬಾಗಿಲ ಮೇಲೆ ಕೈಯಿಟ್ಟುಕೊಂಡು ವಿವರಿಸಿದರು.

“ಡಬ್ಬಿ ಒಳಗ ಜೋಡಿಸಿ ಬಾಗಿಲ ಹಾಕ್ತೀವ್ರಿ. ಒಳಗಿನ ಗಾಳಿ ಎಲ್ಲಾ ಮಿಷನ್ನು ಎಳದು ಹಾಕ್ತೈತಿ. ಆಮ್ಯಾಲ ಗ್ಯಾಸ್ ಬಿಡೋದು. ಮುಗದ ಮ್ಯಾಲ ಗ್ಯಾಸ್ ಹೊರಗ ಕಳಿಸಿ, ಡಬ್ಬಿ ತಗದು ಗಾಳಿ ಕ್ವಾಣಿಗೆ ಹಾಕ್ತೀವಿ. ಬಟ್ಟಿಯೊಳಗ ಉಳದಿದ್ದ ಗ್ಯಾಸ್ ಅಲ್ಲಿ ಹೋಗತೈತಿ.”

“ವಾಸನೆ ಬರುತ್ತಾ?”

“ಒಮ್ಮೊಮ್ಮೆ ಸೀ ಸೀ ವಾಸನಿ ಬರತೈತ್ರಿ. ಮಾಸ್ಕ್ ಅದಾವ, ಹಾಕ್ಕೊಂತೀವಿ.”

ಆ ಅನಿಲ ಮೂಗಿಗೆ ಗೊತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಇರಬಾರದಷ್ಟು ಆಗಿಹೋಗಿರುತ್ತದೆ. ಆಪರೇಟರು, ಡಬ್ಬಿ ಹೊರುವವರು, ಅವರ ಜೊತೆಯವರು ಎಲ್ಲರ ರಕ್ತವೂ ಸಿಕ್ಕಿತು.

ಹೋಲಿಕೆಗೆ ಅದೇ ಊರಿನ, ಅದೇ ನೀರು ಕುಡಿಯುವ, ಅನಿಲ ಸೋಕದ ಜನ ಬೇಕು. ಮುಂದಿನ ಶೆಡ್ಡಿನಲ್ಲಿ ಹೊಲಿಯುವ ಹೆಣ್ಣುಮಕ್ಕಳಿದ್ದರು. ಕೆಲವರು ನೇಮಕಲ್ಲಿನ ಕಡೆಯಿಂದ, ಕೆಲವರು ಬೆಳುಗುಪ್ಪ ಕಡೆಯಿಂದ ದಿನಾ ಬಸ್ಸು, ಆಟೊ ಹಿಡಿದು ಬರುತ್ತಿದ್ದರು. ಅವರ ಸೂಪರ್‌ವೈಸರು ಗಟ್ಟಿ ದನಿಯ ಹೆಂಗಸು. ಸೂಜಿ ನೋಡಿದ ಕೂಡಲೆ ಅಡ್ಡ ನಿಂತರು.

“ನಮ್ಮ ರಕ್ತ ಯಾಕ ಬೇಕ್ರಿ? ನಾವು ಗ್ಯಾಸಿನ ಹತ್ರ ಸೈತ ಹೋಗಂಗಿಲ್ಲ.”

“ಅದಕ್ಕೇ ನಿಮ್ಮದು ಬೇಕಾಗಿರೋದು. ನಿಮ್ಮದು ಚೆನ್ನಾಗಿದ್ದರೆ ತಾನೆ ಅವರದು ಕೆಟ್ಟಿದೆಯೋ ಇಲ್ಲವೋ ಗೊತ್ತಾಗೋದು?”

ಆ ಮಾತು ಅವರಿಗೆ ಹಿಡಿಸಿತು. “ಬರ್ರೇ, ನಮ್ಮದು ಚಲೋ ಐತಂತ, ಕೊಡ್ರಿ” ಎಂದು ತಾವೇ ಒಬ್ಬೊಬ್ಬರನ್ನು ಕಳಿಸಿದರು.

ಪ್ರಯೋಗಾಲಯದ ಕೆಲಸ ಸುಮ್ಮನೆ ಕೂತು ಕಾಯುವ ಕೆಲಸ ಎನ್ನಿಸಬಹುದು. ಬಿಳಿ ರಕ್ತಕಣಗಳನ್ನು ಪೋಷಕ ದ್ರವದಲ್ಲಿ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತೇವೆ. ಎರಡನೆಯ ದಿನ ಒಂದು ರಾಸಾಯನಿಕ ಸೇರಿಸುತ್ತೇವೆ. ಆಗ ಕೋಶದ ಒಳಗಿನ ಕೇಂದ್ರ ಎರಡಾಗುತ್ತದೆ, ಕೋಶ ಮಾತ್ರ ಸೀಳುವುದಿಲ್ಲ. ಅದನ್ನು ಗಾಜಿನ ಮೇಲೆ ಹನಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಕೋಶದೊಳಗೆ ಅಕ್ಕಪಕ್ಕ ಎರಡು ನೇರಳೆ ಉಂಡೆ ಕಾಣುತ್ತವೆ. ವರ್ಣತಂತು ಮುರಿದಿದ್ದರೆ, ಹಂಚಿಕೆಯಲ್ಲಿ ಯಾವ ಕಡೆಗೂ ಸೇರದ ಆ ಚೂರು ಪಕ್ಕದಲ್ಲಿ ಸಣ್ಣ ಚುಕ್ಕೆಯಾಗಿ ಉಳಿಯುತ್ತದೆ. ಒಬ್ಬೊಬ್ಬರದೂ ಸಾವಿರ ಕೋಶ ನೋಡಿ ಆ ಚುಕ್ಕೆಗಳನ್ನು ಎಣಿಸಬೇಕು. ಯಾವ ಗಾಜು ಯಾರದು ಎಂದು ಎಣಿಸುವವರಿಗೆ ಗೊತ್ತಿರಬಾರದು. ಸಹೋದ್ಯೋಗಿಯೊಬ್ಬರು ಹೆಸರು ಮುಚ್ಚಿ ಸಂಕೇತ ಅಂಟಿಸಿದ್ದರು.

ಎಣಿಸುವಾಗಲೇ ನನಗೆ ಸಮಾಧಾನ ಇರಲಿಲ್ಲ. ಅರ್ಧ ಗಾಜುಗಳಾದರೂ ಹೆಚ್ಚುಕಡಿಮೆ ಶುದ್ಧವಾಗಿರಬೇಕಿತ್ತು. ಒಂದಾದ ಮೇಲೆ ಒಂದರಲ್ಲಿ ಚುಕ್ಕೆ ಬರುತ್ತಲೇ ಇತ್ತು.

ಸಂಕೇತ ಬಿಚ್ಚಿದಾಗ ಗಂಡಸರಿಗೂ ಹೆಂಗಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. “ಅನಿಲದಿಂದ ಏನೂ ಆಗಿಲ್ಲ ಅಂತ ಆಯ್ತಲ್ಲಮ್ಮ.”

“ಎರಡೂ ಗುಂಪಿನ ಲೆಕ್ಕ ಮೇಲಿದೆ ಸಾರ್. ಮಾಮೂಲಿ ಜನರಲ್ಲಿ ನಾವು ಇಷ್ಟು ನೋಡೋದಿಲ್ಲ.”

“ಹೆಂಗಸರಲ್ಲಿ ಸಹಜವಾಗಿಯೇ ಸ್ವಲ್ಪ ಹೆಚ್ಚು. ಅದು ನಿನಗೂ ಗೊತ್ತು.”

ಅದು ನಿಜ. ಚೇಂಬರಿನಲ್ಲಿ ಗಂಡಸರೇ ಇದ್ದರು, ಹೊಲಿಗೆಯಲ್ಲಿ ಹೆಂಗಸರೇ. ಇದ್ದ ಜನರಲ್ಲೇ ಹೋಲಿಕೆ ಮಾಡಬೇಕಾಗಿ ಬಂದಿತ್ತು. ಆದರೆ ‘ಸ್ವಲ್ಪ ಹೆಚ್ಚು’ ಎಂಬ ಮಾತಿನೊಳಗೆ ನಾನು ಕಂಡ ಚುಕ್ಕೆಗಳು ಹಿಡಿಯುತ್ತಿರಲಿಲ್ಲ. ಔಷಧಿ ಕೆಟ್ಟಿತ್ತೇ, ಬಿಸಿ ಪೆಟ್ಟಿಗೆ ಏರುಪೇರಾಯಿತೇ ಎಂದು ನಮ್ಮಲ್ಲೇ ತಪ್ಪು ಹುಡುಕಿದೆ. ಅದೇ ಹೊತ್ತಿಗೆ ಅದೇ ಪೆಟ್ಟಿಗೆಯಲ್ಲಿ ಬೆಳೆಸಿದ್ದ ನಮ್ಮ ಸಿಬ್ಬಂದಿಯ ರಕ್ತ ಸರಿಯಾಗಿತ್ತು. ಅಷ್ಟರಲ್ಲಿ ಮ್ಯಾನೇಜರು ಮುಖ್ಯಸ್ಥರಿಗೆ ಫೋನು ಮಾಡಿ, ಲೆಕ್ಕ ಏನಾಯಿತೆಂದು ಕೇಳಿ ತಿಳಿದು, ವ್ಯತ್ಯಾಸವಿಲ್ಲ ಎಂಬ ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದಿದ್ದರು. ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ನನ್ನ ಹೆದರಿಕೆ ಅದೇ.

ಇನ್ನೊಮ್ಮೆ ಹೋಗಿಬರುತ್ತೇನೆ ಎಂದು ಮುಖ್ಯಸ್ಥರನ್ನು ಒಪ್ಪಿಸಿದೆ. ಮೊದಲ ಸಲ ಚೇಂಬರಿನವರ ಗಾಳಿ ಅಳೆದಾಗ ತಂದಿದ್ದ ಬ್ಯಾಡ್ಜುಗಳು ಕೆಲವು ಉಳಿದಿದ್ದವು. ಕಾಲರಿಗೆ ಸಿಕ್ಕಿಸಿಕೊಂಡು ಒಂದು ಪಾಳಿ ಕೆಲಸ ಮಾಡಿದರೆ ಆ ಮನುಷ್ಯ ಉಸಿರಾಡಿದ ಗಾಳಿಯಲ್ಲಿ ಅನಿಲ ಎಷ್ಟಿತ್ತೆಂದು ಅದರಿಂದ ಗೊತ್ತಾಗುತ್ತದೆ.

ಹೊಲಿಗೆ ಶೆಡ್ಡಿನೊಳಗೆ ಮಧ್ಯಾಹ್ನದವರೆಗೂ ಕೂತೆ. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಒಳಗೆ ತಂಪು ಉಳಿಯಲೆಂದು ಕಿಟಕಿ ಮುಚ್ಚಿ ಕೂಲರು ಹಾಕಿದ್ದರು. ಊಟದ ಹೊತ್ತಿಗೆ ನನ್ನ ಕಣ್ಣು ಉರಿಯತೊಡಗಿತು. ಹಿಂದಿನ ಸಾಲಿನಲ್ಲಿ ಗೌನಿಗೆ ತೋಳು ಜೋಡಿಸುತ್ತಿದ್ದ ಹೆಣ್ಣುಮಗಳು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.

“ಯಾವಾಗಿಂದ ಹಿಂಗೆ?” ಎಂದೆ.

“ಎಲ್ಲಾರಿಗೂ ಹಿಂಗ ಆಗತೈತ್ರಿ. ಬಟ್ಟಿ ಧೂಳು. ಮನಿಗೆ ಹೋದ್ರ ಕಡಿಮಿ ಆಗತೈತಿ.”

ಅವಳ ಬೆನ್ನ ಹಿಂದೆ, ಗೋಡೆಯ ಉದ್ದಕ್ಕೂ, ಆಳೆತ್ತರ ರಟ್ಟಿನ ಡಬ್ಬಗಳಿದ್ದವು. ಮೊದಲ ಸಲ ಬಂದಾಗ ಅವನ್ನು ಖಾಲಿ ಡಬ್ಬಗಳೆಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ, ಅನಿಲದಲ್ಲಿಟ್ಟ ಮೇಲೆ ಬಣ್ಣ ಬದಲಾಗುವ ಪಟ್ಟಿ ಪ್ರತಿಯೊಂದರ ಮೇಲೂ ಬಣ್ಣ ಬದಲಾಯಿಸಿತ್ತು.

ಡಬ್ಬಿ ಹೊರುವವನನ್ನು ಕರೆದು ಕೇಳಿದೆ. “ಗಾಳಿ ಕ್ವಾಣಿ ತುಂಬೇತ್ರಿ. ಆರ್ಡರು ಜಾಸ್ತಿ ಆಗೈತಿ. ಅಲ್ಲಿ ಒಂದಿನ ಇಟ್ಟು ಇಲ್ಲಿ ತಂದು ಒಟ್ಟತೀವಿ. ಇಲ್ಲಿ ತಂಪೈತಲ್ರಿ, ಮಾಲು ಕೆಡಂಗಿಲ್ಲ” ಎಂದ. ಅವನ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಅದು ಅಲ್ಲಿ ಯಾರಿಗೂ ಮುಚ್ಚಿಡುವ ವಿಷಯವೇ ಆಗಿರಲಿಲ್ಲ.

ಬಟ್ಟೆಯ ಎಳೆಎಳೆಯಲ್ಲಿ ಉಳಿದ ಅನಿಲ ಹೊರಗೆ ಬರಲು ದಿನಗಟ್ಟಲೆ ಬೇಕು. ಅದು ಬರುತ್ತಿದ್ದದ್ದು ಕಿಟಕಿ ಮುಚ್ಚಿದ ಶೆಡ್ಡಿನೊಳಕ್ಕೆ. ಮ್ಯಾನೇಜರಿಗೆ ಹೋಗಿ ಹೇಳಿದೆ. “ಎರಡು ಡಬ್ಬಿಯಿಂದ ಏನಾಗತದೆ ಮೇಡಂ? ಬೇಕಾದರೆ ಅಳೆದು ನೋಡಿ” ಎಂದು ನಕ್ಕರು. ಮರುದಿನ ಬೆಳಗ್ಗೆ ಉಳಿದ ಬ್ಯಾಡ್ಜುಗಳನ್ನು ಮುಂದಿನ, ನಡುವಿನ, ಹಿಂದಿನ ಸಾಲಿನವರ ಹೆಗಲ ಹತ್ತಿರ ಸಿಕ್ಕಿಸಿದೆ. ಪಾಳಿ ಮುಗಿದ ಮೇಲೆ ಬಿಚ್ಚಿ, ಮುಚ್ಚಳ ಹಾಕಿ, ಅಳತೆ ಮಾಡುವ ಕಡೆಗೆ ಕಳಿಸಿಕೊಟ್ಟೆ. ಉತ್ತರ ಬರಲು ಕೆಲವು ದಿನ ಬೇಕಿತ್ತು.

ಆ ದಿನಗಳಲ್ಲಿ ಬೇರೆ ಹೆಂಗಸರ ರಕ್ತ ತರಬೇಕಿತ್ತು. ಅದೇ ವಯಸ್ಸು, ಅದೇ ರೀತಿಯ ಊಟ, ಆದರೆ ಈ ಅನಿಲದ ಗಾಳಿಯೇ ಸೋಕಿರಬಾರದು. ಮಡಕಶಿರಾ ಕಡೆಯ ಗುಡಿಬಂಡೆ ಹತ್ತಿರ ನಮ್ಮ ದೊಡ್ಡಮ್ಮನ ಊರಿದೆ. ತಂಪು ಪೆಟ್ಟಿಗೆ ಹೊತ್ತು ಪ್ರಯೋಗಾಲಯದ ಕಾರಿನಲ್ಲಿ ಅಲ್ಲಿಗೆ ಹೋದೆ.

“ರಕ್ತ ಕೊಟ್ಟೋರಿಗೆ ಏನ್ ಕೊಡ್ತೀಯಮ್ಮಿ?” ಎಂದರು ದೊಡ್ಡಮ್ಮ.

“ಏನೂ ಇಲ್ಲ ದೊಡ್ಡಮ್ಮ.”

“ಅಂಗಾದ್ರೆ ಯಾರ್ ಬತ್ತಾರೆ? ಇರು, ನಾನೇ ಕರ್ಕಂಬತ್ತೀನಿ.”

ಬೆಳಗ್ಗೆ ಅವರ ಜಗಲಿ ತುಂಬ ಹೆಂಗಸರು. ನಾನು ಲವಲವಿಕೆಯಿಂದ ರಕ್ತ ತೆಗೆದೆ. ಬೀಡಿ, ಎಕ್ಸ್‌ರೇ, ಜ್ವರ, ಹೊಲಕ್ಕೆ ಔಷಧಿ ಹೊಡೆಯುವುದು, ಎಲ್ಲ ಕೇಳಿಕೊಂಡೇ ತೆಗೆದೆ. ಕೊನೆಗೆ ಒಬ್ಬಾಕೆ ರೇಷ್ಮೆ ಹುಳು ನೋಡಿಕೊಂಡು ಹೋಗು ಬಾ ಎಂದು ಕರೆದಳು. ಹುಳು ಸಾಕುವ ಮನೆಯ ಬಾಗಿಲು ತೆಗೆದ ಕೂಡಲೆ ಮೂಗಿಗೆ ಘಾಟು ಬಡಿಯಿತು.

“ಏನಿದು ವಾಸನೆ?”

“ಹುಳ ತರೋಕ್ ಮುಂಚೆ ಮನೆಗೆಲ್ಲ ಫಾರ್ಮಲಿನ್ ಒಡೀತೀವಲ್ಲಮ್ಮ. ಇಲ್ಲಾಂದ್ರೆ ರೋಗ ಬಂದು ಹುಳ ಸಾಯ್ತವೆ. ಇನ್ನೂ ಸ್ವಲ್ಪ ಐತೆ ನೋಡು.”

ಫಾರ್ಮಲಿನ್‌ನಿಂದ ಏಳುವ ಅನಿಲವೂ ವರ್ಣತಂತುವಿಗೆ ಒಳ್ಳೆಯದಲ್ಲ. ಜಗಲಿಗೆ ಬಂದಿದ್ದವರಲ್ಲಿ ಹೆಚ್ಚಿನವರು ಹುಳು ಸಾಕುವ ಮನೆಯವರು. ಅವರ ರಕ್ತವನ್ನು ರಾಯದುರ್ಗದವರ ಪಕ್ಕದಲ್ಲಿಟ್ಟರೆ ಮತ್ತೆ ಅದೇ ಗೋಳು. ಎರಡೂ ಕಡೆ ಚುಕ್ಕೆ ಬಂದು, ವ್ಯತ್ಯಾಸವಿಲ್ಲ ಎಂಬ ಅದೇ ಸಾಲು. ಹುಳು ಮನೆಯವರ ಟ್ಯೂಬುಗಳನ್ನೆಲ್ಲ ಬೇರೆ ತೆಗೆದಿಟ್ಟೆ. ಔಷಧಿ ಹೊಡೆಯುವಾಗ ಬಾಗಿಲು ತೆರೆದಿಡಿ, ಮೂಗಿಗೆ ಮಾಸ್ಕು ಹಾಕಿಕೊಳ್ಳಿ ಎಂದು ಅವರಿಗೆ ಹೇಳಿದೆ. ದೊಡ್ಡಮ್ಮನಿಗೆ ಮಾತ್ರ ಸಿಟ್ಟು ಬಂತು.

“ಕರ್ದು ಕೂರಿಸಿ ರಕ್ತ ತಕ್ಕಂಡು, ಈಗ ಬ್ಯಾಡ ಅಂತೀಯಲ್ಲ. ಅವರ ಮುಂದೆ ನಾನೇನ್ ಯೋಳ್ಲಿ?”

“ತಪ್ಪು ರಕ್ತ ತಗೊಂಡೋದ್ರೆ ಅಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಅನ್ಯಾಯ ಆಗುತ್ತೆ ದೊಡ್ಡಮ್ಮ.”

ಅವರು ಸ್ವಲ್ಪ ಹೊತ್ತು ಸೊಟ್ಟ ಮುಖ ಮಾಡಿಕೊಂಡಿದ್ದರು. ಆಮೇಲೆ ಸೆರಗು ಸಿಕ್ಕಿಸಿ, “ಬಾ, ಆಚೆ ಹಟ್ಟಿಗೋಗಾನ. ಅಲ್ಲಿ ಬರೀ ಕಳ್ಳೇಕಾಯಿ, ರಾಗಿ. ಹುಳ ಯಾರೂ ಸಾಕಲ್ಲ” ಎಂದರು. ಮರುದಿನ ಬೆಳಗ್ಗೆ ಕಳೆ ಕೀಳಲು ಹೊರಟವರನ್ನು ಹೊಲದ ಬದುವಿನಲ್ಲೇ ನಿಲ್ಲಿಸಿ, ಮರದ ನೆರಳಲ್ಲಿ ಕೂರಿಸಿ ರಕ್ತ ತೆಗೆದೆ. ಸಾಕಷ್ಟು ಸಿಕ್ಕಿತು.

ತೆಗೆದ ರಕ್ತ ಆದಷ್ಟು ಬೇಗ ಬಳ್ಳಾರಿ ಸೇರಬೇಕು. ಪಾವಗಡ, ಕಲ್ಯಾಣದುರ್ಗ, ರಾಯದುರ್ಗ ಹಾದು ಹೋಗುವ ದಾರಿ ಹಿಡಿದೆವು. ಕಲ್ಯಾಣದುರ್ಗ ದಾಟುವ ಮೊದಲೇ ಸಹೋದ್ಯೋಗಿಯ ಫೋನು ಬಂತು. ಬ್ಯಾಡ್ಜುಗಳ ಉತ್ತರ ಬಂದಿತ್ತು.

“ಹಿಂದಿನ ಸಾಲಿನ ಹೆಂಗಸರದು ಚೇಂಬರ್ ಆಪರೇಟರಿಗಿಂತ ಹೆಚ್ಚಿದೆ” ಎಂದರು. “ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅದಲುಬದಲಾಗಿಲ್ಲ.”

ಆಪರೇಟರಿಗೆ ಅನಿಲ ತಾಗುವುದು ಬಾಗಿಲು ತೆಗೆದಾಗ, ಅದೂ ಸ್ವಲ್ಪ ಹೊತ್ತು. ಅಲ್ಲಿ ದೊಡ್ಡ ಫ್ಯಾನು ಇತ್ತು. ಹೆಂಗಸರು ಬೆಳಗಿನಿಂದ ಸಂಜೆವರೆಗೆ, ಮಾಸ್ಕಿಲ್ಲದೆ, ಮುಚ್ಚಿದ ಶೆಡ್ಡಿನಲ್ಲಿ ಅದನ್ನೇ ಉಸಿರಾಡುತ್ತಿದ್ದರು. ಧೂಳು ಎಂದುಕೊಂಡು.

ಮುಖ್ಯಸ್ಥರಿಗೆ ಫೋನು ಮಾಡಿದೆ. “ಸಾರ್, ನಾನು ರಾಯದುರ್ಗದಲ್ಲಿ ಇಳಿದು ಅವರಿಗೆ ಹೇಳ್ತೀನಿ.”

“ಈಗಲೇ ಬೇಡ. ನೀನು ತರ್ತಿರೋ ರಕ್ತದ ಎಣಿಕೆ ಮುಗೀಲಿ. ಎರಡನ್ನೂ ಒಟ್ಟಿಗೆ ಇಟ್ಟು ಹೇಳೋಣ. ಅರ್ಧ ಮಾಹಿತಿ ಕೊಟ್ಟು ಹೆದರಿಸಿದರೆ ನಾಳೆ ನಮ್ಮ ಮಾತು ಯಾರೂ ನಂಬಲ್ಲ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪೂರ್ಣ ಲೆಕ್ಕ ಹೊರಗೆ ಬಿಟ್ಟು ನಗೆಪಾಟಲಾದ ಪ್ರಯೋಗಾಲಯಗಳು ಅವರಿಗೆ ಗೊತ್ತಿದ್ದವು. ನಾನು ಫೋನು ಇಟ್ಟೆ. ರಸ್ತೆಯ ಪಕ್ಕದ ಕರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಎಣಿಕೆ ಮುಗಿಯಲು ಎರಡು ವಾರ ಬೇಕು. ಅಷ್ಟು ದಿನವೂ ಅವರು ಬೆಳಗ್ಗೆ ಬಸ್ಸು ಹಿಡಿದು ಬಂದು, ಆ ಡಬ್ಬಗಳಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಇದೆಲ್ಲ ತಿಳಿದೂ ನಾನು ಆ ದಿನಗಳಲ್ಲಿ ನೆಮ್ಮದಿಯಾಗಿ ಕೂತು ಚುಕ್ಕೆ ಎಣಿಸುತ್ತಿರುತ್ತೇನೆ.

ಮತ್ತೆ ಫೋನು ಮಾಡಿದೆ. “ಸಾರ್, ವರ್ಣತಂತು ಹೇಳೋದು ಇಷ್ಟು ದಿನ ಆದದ್ದನ್ನ. ಬ್ಯಾಡ್ಜು ಹೇಳ್ತಿರೋದು ಈ ಹೊತ್ತು ಆಗ್ತಿರೋದನ್ನ. ಡಬ್ಬಿ ಹೊರಗೆ ಹಾಕೋಕೆ ಚುಕ್ಕೆ ಎಣಿಸಬೇಕಾಗಿಲ್ಲ. ನಾನು ಇಳೀತಿದ್ದೀನಿ.”

“ಬ್ಯಾಡ್ಜಿನ ವಿಷಯ ಅಷ್ಟೇ ಹೇಳು. ರಕ್ತದ ಬಗ್ಗೆ ಗೊತ್ತಿಲ್ಲದ್ದನ್ನ ಒಂದು ಮಾತೂ ಹೇಳಬೇಡ” ಎಂದು ಅವರು ಫೋನು ಇಟ್ಟರು.

ರಾಯದುರ್ಗದಲ್ಲಿ ಇಳಿದು, ಪೆಟ್ಟಿಗೆಯನ್ನು ಡ್ರೈವರನ ಜೊತೆ ಬಳ್ಳಾರಿಗೆ ಕಳಿಸಿದೆ.

ಮ್ಯಾನೇಜರು ಬ್ಯಾಡ್ಜಿನ ಉತ್ತರ ಕೇಳಿ ಮೊದಲು ನಂಬಲಿಲ್ಲ. ಆಮೇಲೆ ಕುರ್ಚಿಯಿಂದ ಎದ್ದು ಬಾಗಿಲು ಮುಚ್ಚಿ ಬಂದರು. ಗಾಬರಿಯಾದಾಗ ಅವರ ಮಾತು ತೆಲುಗಿಗೆ ಹೋಗುತ್ತಿತ್ತು. “ವದ್ದಂಡಿ ಮೇಡಂ, ಇಪ್ಪುಡು ವದ್ದು” ಎಂದು ಕೈ ಮುಗಿದರು. ಈಗ ಬೇಡ, ಈಗ ಬೇಡ. “ಈ ವಾರ ಲಾರಿ ಹೊರಡಬೇಕು. ಹೋಗಲಿಲ್ಲ ಅಂದ್ರೆ ಆರ್ಡರು ಬೇರೆಯವರ ಪಾಲು. ಕೆಲಸ ಹೋಗೋದು ನನ್ನೊಬ್ಬನದಲ್ಲ, ಇವರೆಲ್ಲರದು. ಲಾರಿ ಹೋದ ಮರುದಿನ ನಾನೇ ಡಬ್ಬಿ ತೆಗೆಸ್ತೀನಿ.”

“ಅಲ್ಲಿವರೆಗೆ ಅವರನ್ನ ಬೇರೆ ಕಡೆ ಕೂರಿಸ್ತೀರಾ?”

ಬೇರೆ ಕಡೆ ಮಿಷನ್ನು ಹಾಕುವ ಜಾಗವೇ ಇರಲಿಲ್ಲ. ನಾನು ಎದ್ದು ಶೆಡ್ಡಿಗೆ ಹೋದೆ. ಅವರು ತಡೆಯಲಿಲ್ಲ, ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಊಟ ಮುಗಿಸಿ ಮಿಷನ್ನುಗಳು ಶುರುವಾಗಿದ್ದವು. ಸೂಪರ್‌ವೈಸರನ್ನು ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದೆ. ಕಣ್ಣುರಿ ಧೂಳಿನಿಂದ ಬರುತ್ತಿರುವುದಲ್ಲ, ಆ ಡಬ್ಬಗಳಿಂದ ಗ್ಯಾಸು ಬರುತ್ತಿದೆ, ನಿಮಗೆ ಸಿಕ್ಕಿಸಿದ್ದ ಬ್ಯಾಡ್ಜು ಅದನ್ನೇ ತೋರಿಸಿದೆ ಎಂದೆ. ಅದು ದಿನಾ ಒಳಗೆ ಹೋದರೆ ಜೀವಕೋಶದ ವರ್ಣತಂತು ಮುರಿಯಬಹುದು, ಬಹಳ ವರ್ಷ ಹೋದರೆ ಕ್ಯಾನ್ಸರಿನ ಅಪಾಯ ಹೆಚ್ಚು. ನಿಮ್ಮ ರಕ್ತವನ್ನು ಬೇರೆಯವರದರ ಜೊತೆ ಹೋಲಿಸುವುದು ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಒಬ್ಬೊಬ್ಬರಿಗೂ ಬಂದು ಹೇಳುತ್ತೇನೆ.

ಮೊದಲು ಸಿಡಿದದ್ದು ಸೂಪರ್‌ವೈಸರು.

“ನಮ್ಮದು ಚಲೋ ಐತಿ ಅಂತ ಹೇಳಿ ರಕ್ತ ತಗೊಂಡ್ರಿ. ಈಗ ಬಂದು ಕ್ಯಾನ್ಸರ್ ಅಂತೀರಿ. ನಾಳೆ ಕಂಪನಿ ಮುಚ್ಚಿದ್ರ ನಿಮಗೇನು? ಈ ಮಾತು ಊರಾಗ ಹೋದ್ರ ನಮ್ಮ ಹುಡುಗ್ಯಾರ ಲಗ್ನ ಆಗತಾವೇನ್ರಿ? ರಕ್ತ ಕೆಟ್ಟೈತಿ ಅಂತಾರ, ಯಾರ್ ಮಾಡ್ಕೊಂತಾರ?”

ಅದು ನಡೆಯುವಂಥ ಮಾತೇ. ಆಗ ಹಿಂದಿನ ಸಾಲಿನಿಂದ, ತೋಳು ಜೋಡಿಸುವ ಹೆಣ್ಣುಮಗಳ ದನಿ ಬಂತು.

“ಅಕ್ಕಾರ, ನಾನು ಮೂರು ತಿಂಗಳ ಬಸುರಿ ಇದೀನ್ರಿ. ಇಲ್ಲಿ ಯಾರಿಗೂ ಹೇಳಿಲ್ಲ. ನನ್ನ ಹೊಟ್ಟ್ಯಾಗಿನ ಕೂಸಿಗೆ ಏನಾರ ಆಗೇತೇನ್ರಿ?”

ಏನೂ ಆಗಿಲ್ಲ ಎಂದರೆ ಸುಳ್ಳು. ಆಗಿದೆ ಎಂದರೂ ಸುಳ್ಳು. ಈ ಅನಿಲದಿಂದ ಗರ್ಭ ನಿಲ್ಲದೆ ಹೋಗಬಹುದೆಂದು ನಾನು ಓದಿದ್ದೆ. ಆದರೆ ಇವಳ ಮಗುವಿನ ಬಗ್ಗೆ ಹೇಳುವ ಶಕ್ತಿ ನನ್ನ ಯಾವ ಗಾಜಿಗೂ ಇರಲಿಲ್ಲ.

“ನನಗೆ ಗೊತ್ತಿಲ್ಲಮ್ಮ” ಎಂದೆ. “ಅದನ್ನ ಹೇಳೋ ಪರೀಕ್ಷೆ ನನ್ನ ಹತ್ರ ಇಲ್ಲ. ಇದು ಗರ್ಭಕ್ಕೆ ಒಳ್ಳೆಯ ಗಾಳಿ ಅಲ್ಲ, ಅದು ಗೊತ್ತು. ಬಹಳಷ್ಟು ಹೆಂಗಸರಿಗೆ ಹೀಗೆಲ್ಲ ಆದರೂ ಮಕ್ಕಳು ಚೆನ್ನಾಗಿ ಹುಟ್ಟಿದಾವೆ, ಅದೂ ಗೊತ್ತು. ಆಸ್ಪತ್ರೆಗೆ ಹೋಗಿ ಹೇಳಿ, ಬೇಕಾದರೆ ನಾನೂ ಬರ್ತೀನಿ. ಇನ್ನು ಮುಂದೆ ಈ ಗಾಳಿ ನಿನ್ನೊಳಗೆ ಹೋಗಬಾರದು. ನಾನು ಗಟ್ಟಿಯಾಗಿ ಹೇಳಬಹುದಾದ್ದು ಅದೊಂದೇ.”

ಅವಳು ನನ್ನನ್ನೇ ನೋಡುತ್ತಿದ್ದಳು. ಸೂಜಿಯ ಕೆಳಗಿದ್ದ ಗೌನಿನ ತೋಳನ್ನು ಹಾಗೇ ಬಿಟ್ಟು ಎದ್ದಳು. ಮಿಷನ್ನುಗಳ ಸಾಲಿನ ನಡುವೆ ನಡೆದು ಬಂದು, ಮ್ಯಾನೇಜರ ಪಕ್ಕದಲ್ಲೇ ಹಾದು ಹೊರಗೆ ಹೋದಳು.

ಅವಳ ಪಕ್ಕದಲ್ಲಿದ್ದವಳು ಎದ್ದಳು. ಮತ್ತೊಬ್ಬಳು. ಅರ್ಧ ಜನ ಮ್ಯಾನೇಜರ ಮುಖ ನೋಡುತ್ತಾ ಕೂತೇ ಇದ್ದರು. ಸೂಪರ್‌ವೈಸರು ನನ್ನ ಕಡೆ ಸಿಟ್ಟಿನಿಂದ ಒಮ್ಮೆ ನೋಡಿ, ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆದರು. ಮಿಷನ್ನೂ ಕೂಲರೂ ಒಟ್ಟಿಗೆ ನಿಂತವು.

“ಏಳ್ರೇ, ಹೊರಗ ಹೋಗಿ ಕುಂದ್ರೋಣ” ಎಂದರು. ಮ್ಯಾನೇಜರ ಮುಂದೆ ನಿಂತು, “ಸಾರ್, ಡಬ್ಬಿ ತಗಸ್ರಿ. ತಗಸಿದ ಮ್ಯಾಲ ಬಂದು ಹೊಲೀತೀವಿ. ನಿಮ್ಮ ಲಾರಿ ನಿಲ್ಲಸಬೇಕಂತ ನಮಗೂ ಇಲ್ಲ” ಎಂದರು.

ಹೆಂಗಸರು ಬೇವಿನ ಮರದ ಕೆಳಗೆ ಕೂತರು. ಮ್ಯಾನೇಜರು ಎರಡು ಫೋನು ಮಾಡಿದರು, ಒಂದು ಸಲ ಕೂಗಾಡಿದರು, ಆಮೇಲೆ ಡಬ್ಬಿ ಹೊರುವವರನ್ನು ಕರೆದರು. ಆಪರೇಟರೂ ಬಂದು ಕೈ ಹಾಕಿದರು. ಸಂಜೆಯೊಳಗೆ ಆ ಗೋಡೆ ಬರಿದಾಯಿತು. ಮುಚ್ಚಿದ್ದ ಕಿಟಕಿಗಳನ್ನು ತೆರೆಯಲು ಹೋದರೆ ತುಕ್ಕು ಹಿಡಿದು ಕೂತಿದ್ದವು. ಸುತ್ತಿಗೆಯಿಂದ ಹೊಡೆದು ತೆರೆದರು.

ಎಲ್ಲ ಅಲ್ಲಿಗೆ ಸರಿಹೋಯಿತು ಎಂದೇನಿಲ್ಲ. ಲಾರಿ ತಡವಾಯಿತು. ಒಂದಷ್ಟು ಆರ್ಡರು ಕೈತಪ್ಪಿ ಕೆಲವರನ್ನು ಕೆಲ ಕಾಲ ಮನೆಯಲ್ಲೇ ಇರಲು ಹೇಳಿದರು. ಬಸ್ ನಿಲ್ದಾಣದಲ್ಲಿ ಒಬ್ಬಾಕೆ ನನ್ನನ್ನು ಕಂಡು ಮುಖ ತಿರುಗಿಸಿದಳು. ಮ್ಯಾನೇಜರು ನನ್ನ ಫೋನು ಎತ್ತುವುದನ್ನೇ ಬಿಟ್ಟರು. ಮುಖ್ಯಸ್ಥರು ಮಾತ್ರ ಕಾರ್ಖಾನೆ ತನಿಖೆ ಇಲಾಖೆಗೆ ತಮ್ಮ ಹೆಸರಿನಲ್ಲೇ ಬರೆದರು. ತನಿಖೆಯಾಗಿ, ಗಾಳಿ ಕೋಣೆ ದೊಡ್ಡದಾಯಿತು. ಅನಿಲ ಹೊರಬಿಡುವ ಕೊಳವೆ ಮೇಲಕ್ಕೆ ಹೋಯಿತು. ಅನಿಲ ಹೆಚ್ಚಾದರೆ ಕೂಗಿ ಎಚ್ಚರಿಸುವ ಯಂತ್ರ ಶೆಡ್ಡಿಗೆ ಬಂತು.

ಗುಡಿಬಂಡೆಯ ರಕ್ತದ ಎಣಿಕೆಯೂ ಮುಗಿಯಿತು. ಅಲ್ಲಿಯ ಹೆಂಗಸರಿಗೂ ರಾಯದುರ್ಗದ ಹಿಂದಿನ ಸಾಲಿನವರಿಗೂ ನಡುವಿನ ಅಂತರ ಮೇಲ್ನೋಟಕ್ಕೇ ಕಾಣುತ್ತಿತ್ತು. ಮುಖ್ಯಸ್ಥರು ಆ ಹಾಳೆ ನೋಡಿ, “ನೀನು ಕಾದಿದ್ದರೂ ಇದೇ ಬರ್ತಿತ್ತು” ಎಂದರು. ಸ್ವಲ್ಪ ತಡೆದು, “ಕಾಯದೆ ಇದ್ದದ್ದು ಒಳ್ಳೇದಾಯ್ತು” ಎಂದು ಸೇರಿಸಿದರು.

ಊರೊಳಗಿನ ಒಂದು ಸಣ್ಣ ಕೋಣೆಯಲ್ಲಿ ಕೂತು ಒಬ್ಬೊಬ್ಬರಿಗೇ ಹೇಳಿದೆ. ಇದು ರೋಗವಲ್ಲ, ನಾಳೆ ನಿಮಗೇನಾಗುತ್ತದೆ ಎಂಬ ಭವಿಷ್ಯವೂ ಅಲ್ಲ. ಆ ಗಾಳಿ ನಿಮ್ಮನ್ನು ಮುಟ್ಟಿದೆ ಎಂಬುದರ ಗುರುತು. ಈ ರಕ್ತಕಣಗಳು ಮಕ್ಕಳಿಗೆ ಹೋಗುವ ಕಣಗಳಲ್ಲ. ಮಕ್ಕಳಿಗೆ ಹೋಗುವ ಕಣಗಳಲ್ಲಿ ಏನಾಗಿದೆ ಎಂದು ಈ ಪರೀಕ್ಷೆ ನೋಡುವುದಿಲ್ಲ. ಕೆಲವರು ಕೇಳಿ ನಿಟ್ಟುಸಿರು ಬಿಟ್ಟರು. ಒಬ್ಬಾಕೆ ಅತ್ತೆಗೆ ಹೇಳಬೇಡಿರೆಂದು ಕೈ ಹಿಡಿದುಕೊಂಡಳು. ಆಪರೇಟರು ಎಲ್ಲ ಕೇಳಿ, “ಹಂಗಾರ ಇನ್ನ ಮ್ಯಾಲ ಬಾಗಲ ತಗಿಯೋದು ಬ್ಯಾರೆಯವರಿಗೆ ಕಲಸ್ತೀನ್ರಿ. ಒಬ್ಬನ ಮೈಗೆ ಎಲ್ಲಾ ಬ್ಯಾಡ” ಎಂದರು. ಹಾಗೆಂದರೆ ಅದು ಬೇರೆಯವರ ಮೈಗೂ ಹೋಗುತ್ತದೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಗಾಳಿ ಸರಿಯಾದ ಮೇಲೆ ಚುಕ್ಕೆ ಕಡಿಮೆಯಾಗುತ್ತವೆಯೇ ಎಂದು ನೋಡಲು ವರ್ಷದ ಹತ್ತಿರ ಮತ್ತೆ ರಕ್ತ ತೆಗೆಯಬೇಕಿತ್ತು. ಯಾರೂ ಬರುವುದಿಲ್ಲ ಎಂದುಕೊಂಡೇ ಹೋದೆ. ಸೂಪರ್‌ವೈಸರು ಎಲ್ಲರನ್ನೂ ಸಾಲಾಗಿ ಕೂರಿಸಿಕೊಂಡಿದ್ದರು. ನನ್ನನ್ನು ನೋಡಿ ನಗಲಿಲ್ಲ. “ಈ ಸಲನೂ ಏನ್ ಬರತೈತೋ ಮೊದಲ ನಮಗ ಹೇಳಬೇಕ್ರಿ” ಎಂದರು. ಹೇಳುತ್ತೇನೆ ಎಂದೆ.

ತೋಳು ಜೋಡಿಸುವ ಹೆಣ್ಣುಮಗಳು ಆಗ ಕೆಲಸದಲ್ಲಿರಲಿಲ್ಲ. ಆದರೂ ಸುದ್ದಿ ತಿಳಿದು ಊರಿನಿಂದ ಬಸ್ಸು ಹತ್ತಿ ಬಂದಿದ್ದಳು. ತೊಡೆಯ ಮೇಲೆ ಕೂಸಿತ್ತು. ದುಂಡಗಿನ ಹೆಣ್ಣು ಮಗು, ನನ್ನ ಕೈಗವಸನ್ನು ಹಿಡಿಯಲು ಎಳೆಯುತ್ತಿತ್ತು. ತಾಯಿ ಅದರ ಸಣ್ಣ ಕೈಯನ್ನು ಬಿಡಿಸಿ ನನ್ನ ಮುಂದೆ ಚಾಚಿದಳು.

“ಇದರದು ತಗೊಂಡು ನೋಡ್ರಿ ಅಕ್ಕಾರ.”

“ಡಾಕ್ಟರು ಏನಂದರು?”

“ಎಲ್ಲಾ ಚಲೋ ಐತಿ ಅಂದಾರ. ನನಗ ಸಮಾಧಾನ ಇಲ್ರಿ.”

ತೆಗೆಯಬಹುದಿತ್ತು. ಟ್ಯೂಬು ಇತ್ತು, ಅವಳೇ ಒಪ್ಪಿದ್ದಳು, ನಮ್ಮ ಅಧ್ಯಯನಕ್ಕೆ ಅಂಥ ರಕ್ತ ಮತ್ತೆ ಸಿಗುತ್ತಿರಲಿಲ್ಲ. ಒಂದು ಸಂಖ್ಯೆ ಬರುತ್ತಿತ್ತು. ಆ ಸಂಖ್ಯೆ ಮಗುವಿನ ಆರೋಗ್ಯದ ಬಗ್ಗೆ ಏನೂ ಹೇಳದೆ, ಅದರ ಹೆಸರಿನ ಪಕ್ಕದಲ್ಲಿ ಜನ್ಮಪೂರ್ತಿ ಕೂತಿರುತ್ತಿತ್ತು.

“ನಾನು ತೆಗೆಯಲ್ಲಮ್ಮ” ಎಂದೆ. “ಬರೋ ಲೆಕ್ಕದಿಂದ ನಿನಗೆ ಧೈರ್ಯವೂ ಸಿಗಲ್ಲ, ದಾರಿಯೂ ಸಿಗಲ್ಲ. ಜನ ಮಾತ್ರ ಅದನ್ನೇ ಹಿಡಿದು ಆಡಿಕೊಳ್ತಾರೆ.”

“ಹಂಗಾರ ನಾನು ಏನ್ ಮಾಡಬೇಕ್ರಿ?”

“ಕಾಲಕಾಲಕ್ಕೆ ಡಾಕ್ಟರಿಗೆ ತೋರಿಸು. ಬೆಳೆಯೋದನ್ನ ನೋಡ್ತಾ ಇರು.”

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮಗುವನ್ನು ಸೂಪರ್‌ವೈಸರ ಮಡಿಲಿಗೆ ಹಾಕಿದಳು. ರವಿಕೆಯ ತೋಳು ಮೇಲಕ್ಕೆ ಸರಿಸಿ, ತನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

“ನಂದು ತಗೋರಿ” ಎಂದಳು.